ಗೊದ್ರೋ ಮುದ್ರೆಯ ಯಜಮಾನ್ತಿ

ಹದಿನೈದನೇ ಲೂಯಿ ದೊರೆಯ ಕಾಲದಲ್ಲಿ ಪ್ಯಾರಿಸ್ಸಿನ ಸ್ಯಾಂತ್ ಆಂತ್ವಾನ್ ಬಡಗಿಕೇರಿಗೆ ಅದೇನು ಹುಚ್ಚು ಹಿಡಿದಿತ್ತೋ, ನೆಟ್ಟಗಿನ ಗೆರೆ ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಕುರ್ಚಿಯ ಕಾಲು ಸೊಟ್ಟ, ಕಪಾಟಿನ ಹೊಟ್ಟೆ ಡೊಳ್ಳು, ಸಿಕ್ಕಲ್ಲೆಲ್ಲ ಚಿಪ್ಪು, ಸುರುಳಿ ಎಲೆ, ಚಿನ್ನದ ನೀರು ಹಾಯಿಸಿದ ಹಿತ್ತಾಳೆ ಬಳ್ಳಿ. ಪೆರೀನ್ ಗೊದ್ರೋಗೆ ಇದೆಲ್ಲ ಕಂಡರೆ ಮೈಯುರಿ. ಆದರೂ ಅದನ್ನೇ ಮಾಡಿಸಿ ಮಾರುತ್ತಿದ್ದಳು, ಹೊಟ್ಟೆಪಾಡು.

ಗಂಡ ಸತ್ತ ಮೇಲೆ ಅಂಗಡಿ ಅವಳದ್ದು. ವಿಧವೆಯಾಗಿರುವ ತನಕ ಗಂಡನ ಹೆಸರಿನ ಕಬ್ಬಿಣದ ಮುದ್ರೆಯನ್ನು ಸಾಮಾನಿಗೆ ಒತ್ತಬಹುದು, ಮುದ್ರೆಯಿಲ್ಲದ್ದನ್ನು ಮಾರುವಂತಿಲ್ಲ. ಬಡಗಿಗಳ ಸಂಘ ಪರೀಕ್ಷೆ ಮಾಡಿ ಒಪ್ಪಿದ ಮೇಸ್ತ್ರಿಯನ್ನು ಬಿಟ್ಟು ಬೇರೆಯವನನ್ನು ಮದುವೆಯಾದಳೋ, ಮುದ್ರೆಯೂ ಹೋಯಿತು, ಅಂಗಡಿಯೂ ಹೋಯಿತು.

ಆ ಮುದ್ರೆಯ ಮೇಲೆ ಕಣ್ಣಿಟ್ಟವನು ಅವಳ ಕೆಲಸಗಾರ ಅನ್ಸೆಲ್ಮ್. ಜಂಬದ ಕೋಳಿ. ಉಳಿ ಹಿಡಿಯುವ ಮುಂಚೆ ಕನ್ನಡಿ ನೋಡುವ ಆಸಾಮಿ. ಆದರೂ ಚಳಿಗಾಲದಲ್ಲಿ ಒಂದೇ ಮೇಜಿಗೆ ಕೂತು ಈರುಳ್ಳಿ ಸಾರು ಕುಡಿಯುತ್ತ ಅವನಾಡಿದ ನಾಲ್ಕು ಸವಿಮಾತು ಅವಳಿಗೆ ಹಿತವಾಗಿತ್ತು. ಇಲ್ಲವೆಂದರೆ ಸುಳ್ಳಾದೀತು.

"ಮೊದ್ಲು ಮದ್ವೆ ಮಾಡ್ಕೊಂಬಿಡೋಣ, ಯಜಮಾನ್ತಿ. ಪರೀಕ್ಷೆ ಎಲ್ಲಿಗ್ ಓಡೋಗತ್ತೆ?"

"ಮೊದ್ಲು ಮೇಸ್ತ್ರಿ ಆಗು. ಆಮೇಲೆ ಗಂಡ ಆಗೋವಂತೆ," ಎಂದಳು. ಹಾಗೆಂದವಳೇ ಗುಟ್ಟಾಗಿ ಮದುವೆಯ ಬಟ್ಟೆಗೆ ರೇಷ್ಮೆಯನ್ನೂ ಕೊಂಡು ತಂದಳು.

ಪರೀಕ್ಷೆಗೆಂದು ಅವನು ಎರಡು ಡ್ರಾಯರಿನ ಗಿಡ್ಡ ಕಪಾಟು ಮಾಡಿದ. ಸಂಘದ ಹಿರಿಯ ತುರ್ಪೆನ್ ಬಂದು ಸುತ್ತ ನೋಡಿ ಕೆಳಗಿನ ಡ್ರಾಯರ್ ಎಳೆದ. ಬರಲಿಲ್ಲ. ಮೇಲಿನದೂ ಬರಲಿಲ್ಲ. ಎರಡಕ್ಕೂ ಸೇರಿ ಒಂದೇ ಬಳ್ಳಿ ಹಬ್ಬಿಸುವುದು ಆಗಿನ ಶೋಕಿ. ಎರಡು ಡ್ರಾಯರಿನ ನಡುವೆ ಸಂದು ಬರುವ ಕಡೆ ಹಿತ್ತಾಳೆಯನ್ನು ಕತ್ತರಿಸಿ ಕೂರಿಸಬೇಕು. ಈ ಮಹಾಶಯ ಇಡಿಯಾಗಿ ಮೊಳೆ ಹೊಡೆದಿದ್ದ.

"ಕತ್ತರಿಸಿದ್ರೆ ಅಂದ ಕೆಡತ್ತೆ, ಸ್ವಾಮಿ. ದೊಡ್ಡೋರ ಮನೇಲಿ ಇದನ್ನ ಯಾರು ತೆಗೀತಾರೆ? ನೋಡ್ತಾರೆ ಅಷ್ಟೆ."

"ಹಂಗಾದ್ರೆ ಡ್ರಾಯರ್ ಯಾಕಪ್ಪ ಮಾಡ್ದೆ?" ಎಂದ ತುರ್ಪೆನ್.

ಪೆರೀನ್ ಇಕ್ಕಳ ತಂದು ಮೊಳೆ ಕಿತ್ತು ಬಳ್ಳಿಯನ್ನು ನೆಲಕ್ಕೆ ಬಿಸಾಕಿ ಡ್ರಾಯರ್ ಎಳೆದಳು. ಒಳಗೆ ತೋಪಡಾ ಹೊಡೆದು ನಯ ಮಾಡದ ಒರಟು ಹಲಗೆ, ಮೂಲೆಗಳಿಗೆ ಕಾಟಾಚಾರದ ಮೊಳೆ.

"ಒಳಗಿನ ಕೆಲಸಕ್ಕೆ ಆಳುಗಳಿದಾರಲ್ಲ," ಎಂದು ಅನ್ಸೆಲ್ಮ್ ಗೊಣಗಿದ. "ಮದ್ವೆ ಆಗಿದ್ರೆ ಅವರೇ ಮಾಡ್ತಿದ್ರು."

ಥೂ, ಇಂಥವನ ಬಾಯಿಗೆ ಮರುಳಾದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಉಳಿ ಎತ್ಕೊಂಡು ಹೊರಡು."

"ನಾನಿಲ್ದೆ ಒಬ್ಬಳೇ ಸಾಯ್ತೀಯ."

"ಸಾಯ್ತೀನಿ. ಗೊದ್ರೋ ಹೆಂಡತಿಯಾಗೇ ಸಾಯ್ತೀನಿ."

ಅವಳು ಹಾಗೆಯೇ ಸತ್ತಳು, ಬಹಳ ವರ್ಷಗಳ ನಂತರ. ಅಂಗಡಿ ಕೊನೆತನಕ ಚೆನ್ನಾಗಿ ನಡೆಯಿತು. ಊಟಕ್ಕೆ ಮಾತ್ರ ಒಬ್ಬಳೇ ಕೂರುತ್ತಿದ್ದಳು.