ಗುಹೆಗೊಂದು ಅರ್ಜಿ

ಬೀದಿಯವರೆಲ್ಲ ‘ಟೈಪಿಸ್ಟ್ ಮಾವ’ ಎಂದು ಕರೆಯುತ್ತಿದ್ದ ಮನುಷ್ಯನೊಬ್ಬ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಜನರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ. ಶಾಲೆಯಲ್ಲಿ ಕಲಿತ ಒಂದೇ ಒಂದು ವರ್ಣನೆಯನ್ನು ಜೀವಮಾನವಿಡೀ ಹಿಂಡಿದವನು ಅವನು: ‘ತಳವಿಲ್ಲದ ಗುಹೆಯಂತೆ ಕಗ್ಗತ್ತಲು.’ ಬೀದಿದೀಪ ಕೆಟ್ಟರೂ ಅದೇ, ಹಲ್ಲು ಹುಳುಕಾದರೂ ಅದೇ, ಸೋದರಳಿಯನಿಗೆ ಕೆಲಸ ಕೇಳುವಾಗ ಅವನ ಭವಿಷ್ಯಕ್ಕೂ ಅದೇ. ಇಂಗ್ಲಿಷ್ ಓದಿ ಸಾಹೇಬರು ಬೆವರಬೇಕು ಎಂಬುದು ಮಾವನ ಸಿದ್ಧಾಂತ. ವಿಚಿತ್ರವೆಂದರೆ, ಕೆಲಸಗಳೂ ಆಗುತ್ತಿದ್ದವು.

ಒಂದು ಬೆಳಿಗ್ಗೆ ಗುಡ್ಡದ ಗುಹೆಯ ಕಾವಲುಗಾರ ಬಂದ. “ನೋಡೋಕೆ ಬಂದೋರೆಲ್ಲ ಎಡವಿ ಬೀಳ್ತಾರೆ. ಒಳಗೆ ದೀಪ ಹಾಕಿಸಿ ಅಂತ ಬರ್ಕೊಡಿ.”

ಮಾವನ ಬೆರಳುಗಳು ಉತ್ಸಾಹದಿಂದ ಟೈಪ್‌ರೈಟರ್ ಮೇಲೆ ಕುಣಿಯಲು ಹೊರಟು ಥಟ್ಟನೆ ನಿಂತವು. ಗುಹೆ ಗುಹೆಯಂತೆ ಕತ್ತಲಾಗಿದೆ ಎಂದು ಬರೆದರೆ, ‘ಮತ್ತೆ ಹೇಗಿರಬೇಕಿತ್ತು?’ ಎಂದು ಸಾಹೇಬರು ಕೇಳುವುದಿಲ್ಲವೇ? ಮಧ್ಯಾಹ್ನವಾದರೂ ಕಾಗದ ಖಾಲಿ, ತಲೆಯೂ ಖಾಲಿ.

ಒಳಗಿನಿಂದ ಹೆಂಡತಿ ಕೂಗಿದಳು: “ನಮ್ಮ ಅಡುಗೆಮನೆ ಥರ ಕತ್ತಲು ಅಂತ ಬರೀರಿ! ಊರಿಗೆಲ್ಲ ದೀಪ ಹಾಕಿಸೋರಿಗೆ ಇಲ್ಲೊಂದು ಬಲ್ಬ್ ಬದಲಾಯಿಸೋಕೆ ಆರು ತಿಂಗಳಿಂದ ಪುರುಸೊತ್ತಿಲ್ಲ.”

ಬೇರೆ ದಾರಿ ಕಾಣದೆ ಮಾವ ಹಾಗೆಯೇ ಬರೆದ. ಯಾವ ಅಡುಗೆಮನೆ ಎಂದು ಸಾಹೇಬರಿಗೆ ಗೊಂದಲವಾಗದಿರಲೆಂದು ಮನೆಯ ವಿಳಾಸವನ್ನೂ ಸೇರಿಸಿದ.

ನಾಲ್ಕನೇ ದಿನ ಇಲಾಖೆಯವರು ಏಣಿ ಹೊತ್ತು ಮನೆಗೇ ಬಂದರು. ಈಗ ಅಡುಗೆಮನೆಯಲ್ಲಿ ಎರಡು ದೀಪಗಳು ಝಗಝಗಿಸುತ್ತಿವೆ. ಗುಹೆ ಮಾತ್ರ ತಳವಿಲ್ಲದ ಗುಹೆಯಂತೆ ಕಗ್ಗತ್ತಲು.