ಮಠ ಮುಚ್ಚಿದ ಮೇಲೆ ಎಲ್ಲಿಗೆ ಹೋದರು

ದೂರಶಿಕ್ಷಣದ ಎಂ.ಎ.ಗೆ ನಾನು ಆರಿಸಿಕೊಂಡ ವಿಷಯ ಕೇಳಿ ಬಾಳೆಲೆಯ ನಮ್ಮ ಶಾಲೆಯ ಉಳಿದ ಟೀಚರುಗಳು ನಕ್ಕಿದ್ದರು: ಮಧ್ಯಯುಗದ ಇಂಗ್ಲೆಂಡಿನಲ್ಲಿದ್ದ ಸನ್ಯಾಸಿನಿಯರ ಪುಟ್ಟ ಮಠವೊಂದರ ಇತಿಹಾಸ. ನಗದೆ ಕೇಳಿಸಿಕೊಂಡವರು ನನ್ನ ಅತ್ತೆ ಒಬ್ಬರೇ.

ಸಂಜೆ ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಕಾಳುಮೆಣಸು ಕೇರುತ್ತಿದ್ದರೆ, ಅಂದು ಓದಿದ್ದನ್ನು ನಾನು ಹೇಳುತ್ತಿದ್ದೆ. ಮಠದಲ್ಲಿದ್ದವರು ಎಂಟೇ ಜನ. ಚಾವಣಿ ಸೋರುತ್ತಿತ್ತು. ತಪಾಸಣೆಗೆ ಬಂದ ಬಿಷಪ್, ಪ್ರಾರ್ಥನೆಗೆ ನಾಯಿಗಳನ್ನು ಕರೆತರಬಾರದು ಎಂದು ಬರೆದಿಟ್ಟು ಹೋಗಿದ್ದ.

"ಬಿಟ್ರಾ ನಾಯೀನ?"

"ಇಲ್ಲ ಅತ್ತೆ. ಆಮೇಲೆ ಬಂದ ಬಿಷಪ್ಪೂ ಅದನ್ನೇ ಬರ್ದಿದ್ದಾನೆ."

ಅತ್ತೆಗೆ ಬಹಳ ಖುಷಿಯಾಯಿತು.

ರಾಜ ಸಣ್ಣ ಮಠಗಳನ್ನೆಲ್ಲ ಮುಚ್ಚಿಸಿದ್ದನ್ನು ಹೇಳಿದ ದಿನ ಮಾತ್ರ ಅವರ ಮೊರ ನಿಂತಿತು.

"ಆಮೇಲೆ ಅವರೆಲ್ಲ ಎಲ್ಲಿಗೆ ಹೋದ್ರು?"

"ದೊಡ್ಡ ಮಠಕ್ಕೆ ಹೋದ್ರು."

"ಎಂಟು ಜನಾನೂ?"

ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದ್ದೆ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮದುವೆಯಾಗದ ನಾದಿನಿಯೂ ಅವರೂ ಸೇರಿ ತೋಟ ನೋಡಿಕೊಂಡು ನನ್ನ ಗಂಡನನ್ನು ಬೆಳೆಸಿದ್ದರು. ಆ ನಾದಿನಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಂಥವರಿಗೆ ಸುಳ್ಳು ಹೇಳಿದೆನಲ್ಲ ಎಂದು ಮನಸ್ಸು ಕೊರೆಯಿತು.

ಪ್ರಬಂಧದ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. "ಮಠ ಮುಚ್ಚಿದಲ್ಲಿಗೆ ನಿಮ್ಮ ವಿಷಯ ಮುಗೀತಲ್ಲ ಮೇಡಂ," ಎಂದರು. ಆದರೂ ಮಠವಿದ್ದ ಊರಿನ ಹಳೆಯ ಉಯಿಲುಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಗೋಣಿಕೊಪ್ಪಲಿನಲ್ಲಿ ಪ್ರಿಂಟ್ ತೆಗೆಸಿ ತಂದು ಮೂರು ವಾರ ಓದಿದೆ. ಆರು ಜನರ ಸುಳಿವೇ ಸಿಗಲಿಲ್ಲ. ಒಬ್ಬಳ ಉಯಿಲು ಸಿಕ್ಕಿತು. ಹಾಸಿಗೆ, ಒಂದು ಹಿತ್ತಾಳೆ ಪಾತ್ರೆ, ಒಂದು ಹಸು, ಎಲ್ಲವನ್ನೂ ಅದೇ ಮಠದಲ್ಲಿದ್ದ ಇನ್ನೊಬ್ಬಳಿಗೆ ಬಿಟ್ಟಿದ್ದಳು. ಮಠ ಹೋದ ಮೇಲೆ ಪಕ್ಕದ ಹಳ್ಳಿಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಬದುಕಿದ್ದರು.

ಅಂದು ಸಂಜೆಯೇ ಅತ್ತೆಯ ಪಕ್ಕ ಕೂತೆ. "ಅವತ್ತು ಗೊತ್ತಿಲ್ದೆ ಹೇಳಿದ್ದೆ ಅತ್ತೆ," ಎಂದು ಒಪ್ಪಿಕೊಂಡು ಉಯಿಲನ್ನು ಓದಿ ಹೇಳಿದೆ.

"ಹಾಲು ಯಾರು ಕರೀತಿದ್ರೋ," ಎಂದರು ಅತ್ತೆ. "ನಮ್ಮಲ್ಲಿ ಅವಳೇ ಕರೀತಿದ್ಲು. ನಾನು ಹೋದ್ರೆ ಹಸು ಒದೀತಿತ್ತು."

ಸಾವಿನ ನಂತರ ನಾದಿನಿಯ ಮಾತನ್ನು ಅವರು ತಾವಾಗಿಯೇ ಎತ್ತಿದ್ದು ಅದೇ ಮೊದಲು. ಕತ್ತಲಾಗುವವರೆಗೂ ಹೇಳುತ್ತಲೇ ಇದ್ದರು. ನಡುನಡುವೆ ನಕ್ಕರು ಕೂಡ.

ಆ ಉಯಿಲನ್ನು ನನ್ನ ಪ್ರಬಂಧದ ಕೊನೆಯ ಅಧ್ಯಾಯ ಮಾಡಿದೆ. ಮಾರ್ಗದರ್ಶಕರು ತೆಗೆಯಿರಿ ಎನ್ನಲಿಲ್ಲ.