ಕತ್ತರಿಸಬೇಕಾಗಿದ್ದ ಅಂಚು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂಬುದು ನಜರ್‌ಬಾದಿನಲ್ಲಿ ನನ್ನ ಸ್ಟುಡಿಯೋ ಇರುವ ಬೀದಿಗೆಲ್ಲ ಗೊತ್ತು. ಹಾಲಿನವನಿಂದ ಹಿಡಿದು ಕರೆಂಟ್ ಬಿಲ್ ಕೊಡುವವನವರೆಗೆ ನಾನು ಯಾರನ್ನೂ ಬಿಟ್ಟಿಲ್ಲ. ಆದರೆ ಜೀವನದಲ್ಲಿ ಅತಿ ಹೆಚ್ಚು ಬೈದಿರುವುದು ಚಾಮುಂಡಿಬೆಟ್ಟದ ಮೋಡವನ್ನು. ಈಗ ಮದುವೆ ಗೊತ್ತಾದವರಿಗೆಲ್ಲ ಪ್ರೀ-ವೆಡ್ಡಿಂಗ್ ಫೋಟೊ ಬೇಕು, ಅದೂ ಬೆಟ್ಟದ ಮೇಲೆ, ಸೂರ್ಯ ಹುಟ್ಟುವ ಹೊತ್ತಿಗೇ ಬೇಕು. ಆ ಸೂರ್ಯನೋ, ಮೇ ತಿಂಗಳಲ್ಲಿ ಯಾರಪ್ಪನ ಮಾತೂ ಕೇಳುವುದಿಲ್ಲ. ಕೆಳಗೆ ನಿಂತು ನೋಡಿದರೆ ಆಕಾಶದ ತುಂಬ ನಕ್ಷತ್ರ. ಮೇಲೆ ಹೋಗಿ ಟ್ರೈಪಾಡ್ ನಿಲ್ಲಿಸುವಷ್ಟರಲ್ಲಿ ಎದುರಿಗಿರುವ ಮರವೂ ಕಾಣುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ದಟ್ಟಗಳ್ಳಿಯ ಹುಡುಗಿ, ಬೋಗಾದಿಯ ಹುಡುಗ. ಆಷಾಢ ಬೀಳುವ ಮೊದಲು ಮದುವೆ. ಛತ್ರ ಹಿಡಿದಾಗಿತ್ತು, ಪತ್ರಿಕೆ ಹಂಚಿಯಾಗಿತ್ತು, ಹದಿನೈದು ದಿನ ಉಳಿದಿತ್ತು. ಹುಡುಗ ಬಲು ಮರ್ಯಾದಸ್ಥ. ಫ್ಲಾಸ್ಕಿನಲ್ಲಿ ಕಾಫಿ ತಂದು, ಮೊದಲು ನನಗೂ ನನ್ನ ಹೆಂಡತಿಗೂ ಬಗ್ಗಿಸಿ ಕೊಟ್ಟು, ಆಮೇಲೆ ತಾನು ಕುಡಿಯುತ್ತಿದ್ದ. "ಹುಡುಗ ಅಂದ್ರೆ ಹಿಂಗಿರ್ಬೇಕು ಕಣೇ" ಎಂದು ನಾನು ಹೆಂಡತಿಗೆ ಹೇಳಿದ್ದೆ. ಅವಳು "ನೋಡೋಣ ಬುಡಿ" ಎಂದಿದ್ದಳು.

ನನ್ನ ಹೆಂಡತಿಯ ಕೆಲಸವನ್ನು ಇಲ್ಲೇ ಹೇಳಿಬಿಡಬೇಕು. ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಆಲ್ಬಂ ಮಾಡುವವಳು ಅವಳು. ಹೊರಗೆ ಹೋದಾಗ ರಿಫ್ಲೆಕ್ಟರ್ ಹಿಡಿಯುವವಳೂ ಅವಳೇ. ರಿಫ್ಲೆಕ್ಟರ್ ಎಂದರೆ ಬೆಳಕನ್ನು ಮುಖದ ಮೇಲೆ ಎರಚುವ ಬೆಳ್ಳಿ ಬಣ್ಣದ ದೊಡ್ಡ ತಟ್ಟೆ. ಬೆಟ್ಟ, ಬಯಲು ಎಲ್ಲ ಹಿಡಿಯಬೇಕೆಂದು ಅಗಲದ ಲೆನ್ಸ್ ಹಾಕಿದರೆ ಪಕ್ಕದಲ್ಲಿ ನಿಂತ ಅವಳೂ ಅಂಚಿಗೆ ಬೀಳುತ್ತಾಳೆ. ಆಮೇಲೆ ಆ ಅಂಚನ್ನು ಕತ್ತರಿಸುತ್ತೇವೆ. ಹೀಗೆ ತನ್ನನ್ನು ತಾನೇ ಸಾವಿರಾರು ಫೋಟೊಗಳಿಂದ ಕತ್ತರಿಸಿ ಎಸೆದಿದ್ದಾಳೆ ಮಹಾರಾಯ್ತಿ.

ಮೊದಲ ಬೆಳಿಗ್ಗೆ ಮಂಜು. ಎರಡನೆಯ ಬೆಳಿಗ್ಗೆ ಆಲಿಕಲ್ಲು ಬಿದ್ದು ಕಾರಿನ ಬಾನೆಟ್ ತಗ್ಗಾಯಿತು. ಮೂರನೆಯ ದಿನ ಬೆಟ್ಟದ ಪೂರ್ವಕ್ಕೆ, ಉತ್ತನಹಳ್ಳಿ ಕಡೆ ಇಳಿಯುವ ರಸ್ತೆಯ ಬಂಡೆಯ ಹತ್ತಿರ ನಿಂತೆವು. ಅಬ್ಬಾ, ಅದೆಂಥ ಗಾಳಿ! ಟ್ರೈಪಾಡಿಗೆ ಕಲ್ಲಿನ ಚೀಲ ಕಟ್ಟಿದರೂ ಅದು ನಡುಗುತ್ತಿತ್ತು. ಹುಡುಗಿಯ ಉದ್ದ ಬಾಲದ ಕೆಂಪು ಗೌನು ಮುಳ್ಳಿಗೆ ಸಿಕ್ಕು ಪರ್ ಎಂದು ಹರಿಯಿತು. ಹನಿ ಮುಖಕ್ಕೆ ಚುಚ್ಚುತ್ತಿತ್ತು. ನೀಲಗಿರಿಯ ಕೊಂಬೆಯೊಂದು ಮುರಿದು, ನನ್ನ ಹೆಂಡತಿಯಿಂದ ಎರಡು ಮಾರು ದೂರದಲ್ಲಿ ಬಿತ್ತು. ಹುಡುಗ ಪದೇ ಪದೇ ವಾಚ್ ನೋಡುತ್ತಿದ್ದ. ಆ ದಿನ ಅವನು ಕಾಫಿ ತಂದಿರಲಿಲ್ಲ.

ಆರು ಗಂಟೆ ದಾಟಿರಬೇಕು. ಮೋಡ ಒಂದು ಕಡೆ ಸೀಳಿತು. ಬಯಲಿನ ಅಂಚಿನಲ್ಲಿ ಕೆಂಡದಂಥ ಸೂರ್ಯ ಎದ್ದ. ಅದು ನಿಲ್ಲುವುದು ಅರ್ಧ ನಿಮಿಷವೆಂದು ನನಗೆ ಗೊತ್ತು. "ಈಗ! ಈಗ! ಬೇಗ ಬಂಡೆ ಹತ್ತಿ!" ಎಂದು ಕಿರುಚಿದೆ. ಹುಡುಗ ಹತ್ತಿದ. ಹುಡುಗಿಯ ಚಪ್ಪಲಿ ಕೆಸರಿನಲ್ಲಿ ಹೂತಿತ್ತು. "ಒಂದ್ ನಿಮಿಷ" ಎಂದಳು. "ನಿನ್ ಚಪ್ಲಿ ಮನೆ ಹಾಳಾಗ, ಬಾರಮ್ಮ! ಹೋಯ್ತು, ಹೋಯ್ತು!" ಎಂದು ನಾನೇ ಕೂಗಿದ್ದು. ಅವಳು ಬರಿಗಾಲಲ್ಲಿ ಬಂಡೆ ಹತ್ತಿ ನಿಂತು, ಕೂದಲು ಸರಿಮಾಡಿಕೊಂಡು ನಕ್ಕಳು. ನಾನು ಬಟನ್ ಒತ್ತಿದೆ. ಒತ್ತಿದಷ್ಟು ಹೊತ್ತೂ ಪಟಪಟ ತೆಗೆಯುವ ಕ್ಯಾಮೆರಾ ಅದು. ಅಷ್ಟರಲ್ಲಿ ಹುಡುಗ ಕೈ ಬೀಸಿ ಅವಳ ಕೆನ್ನೆಗೆ ಹೊಡೆದ.

ಗಾಳಿಯಲ್ಲೂ ಆ ಸದ್ದು ಕೇಳಿಸಿತು. ಹುಡುಗಿ ಮೊಣಕಾಲೂರಿ ಬಿದ್ದಳು. ರಿಫ್ಲೆಕ್ಟರ್ ಹಾರಿ ಕಣಿವೆಗೆ ಹೋಯಿತು. ನನಗೆ ಮುಂದೇನೂ ಕಾಣಲಿಲ್ಲ. ಐವತ್ತೆಂಟರ ಮೊಣಕಾಲಿನಲ್ಲಿ ಆ ಬಂಡೆಯನ್ನು ಹೇಗೆ ಹತ್ತಿದೆನೋ ದೇವರೇ ಬಲ್ಲ. ಅವನ ಕೊರಳಪಟ್ಟಿ ಹಿಡಿದು ಕೆಳಗೆಳೆದು, "ಹೆಣ್ಣಿನ ಮೇಲೆ ಕೈ ಮಾಡ್ತೀಯೇನೋ ಬೋಳಿಮಗನೇ" ಎಂದು ಎರಡು ಬಾರಿಸಿದೆ. ಅವನು ಮೊಣಕೈಯಿಂದ ನನ್ನ ಬಾಯಿಗೆ ತಿವಿದ. ಹಲ್ಲಿನಿಂದ ರಕ್ತ ಬಂತು. ಇಬ್ಬರೂ ಕೆಸರಿನಲ್ಲಿ ಉರುಳಿದೆವು. ಟ್ರೈಪಾಡ್ ಬಿದ್ದು ಲೆನ್ಸ್ ಒಡೆಯಿತು. ಕೊನೆಗೆ ಅವನು ಎದ್ದು, "ನಿಮ್ ಕೆಲ್ಸ ಎಷ್ಟೋ ಅಷ್ಟು ನೋಡ್ಕೊಳ್ಳಿ ಅಂಕಲ್" ಎಂದು ಹೇಳಿ, ಬೈಕ್ ಹತ್ತಿ ಹೋದ. ಸೂರ್ಯ ಆಗಲೇ ಮುಚ್ಚಿಕೊಂಡು ಮಳೆ ಹಿಡಿದಿತ್ತು.

ಹುಡುಗಿಯನ್ನು ನಮ್ಮ ಕಾರಿನಲ್ಲೇ ಕೂರಿಸಿಕೊಂಡೆವು. ನನಗೆ ಒಳಗೊಳಗೇ ಹೆಮ್ಮೆ. ಹೆಂಡತಿ ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಹುಡುಗಿಯ ಕೈ ಹಿಡಿದು ಹಿಂದೆ ಕೂತಿದ್ದಳು. ಬೆಟ್ಟದ ಬುಡಕ್ಕೆ ಬಂದಾಗ ಹುಡುಗಿ ಕೇಳಿದಳು, "ಅಂಕಲ್, ಅದು ಬಂತಾ?"

"ಯಾವ್ದಮ್ಮ?"

"ಅವ್ರು ಹೊಡೆದಿದ್ದು. ಫೋಟೊದಲ್ಲಿ ಬಂತಾ?"

ನಾನು ಗೇರ್ ಬದಲಿಸಿದೆ. ಅವಳೇ ಹೇಳಿದಳು. "ಹೋದ ತಿಂಗ್ಳೂ ಹೊಡೆದ್ರು. ಮನೇಲಿ ಹೇಳ್ದೆ. ಅಂಥ ಹುಡ್ಗ ಕೈ ಎತ್ತುತಾನಾ, ನೀನೇ ಏನೋ ಅಂದಿರ್ತೀಯ ಅಂದ್ರು. ಈ ಫೋಟೊ ಇದ್ರೆ ನಂಬ್ತಾರೆ ಅಂಕಲ್. ಇಲ್ದಿದ್ರೆ ಇನ್ ಹದಿನೈದ್ ದಿನಕ್ಕೆ ನಾನು ಆ ಮನೆಗೆ ಹೋಗ್ಬೇಕು."

"ನೋಡ್ಬೇಕು ಕಣಮ್ಮ" ಎಂದೆ. ಕನ್ನಡಿಯಲ್ಲಿ ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ಹುಡುಗಿಯನ್ನು ಮನೆಗೆ ಬಿಟ್ಟು ಸ್ಟುಡಿಯೋಗೆ ಬರುವಷ್ಟರಲ್ಲಿ ಅವಳ ತಂದೆಯ ಫೋನು. "ಹುಡುಗ ನನ್ ಕಾಲಿಗೆ ಬಿದ್ದು ಕ್ಷಮೆ ಕೇಳ್ದ ಸಾರ್. ಏನೋ ಹೆಚ್ಚುಕಮ್ಮಿ ಆಗಿದೆ. ಇವ್ಳು ಹೊಡೆದ ಅಂತಾಳೆ, ಅವ್ನು ಬೀಳ್ತಿದ್ದೋಳನ್ನ ಹಿಡ್ಕೊಳ್ಳಕ್ಕೆ ಹೋದೆ ಅಂತಾನೆ. ಸಾಯಂಕಾಲ ಬರ್ತೀನಿ. ಫೋಟೊದಲ್ಲಿ ಎಡವಟ್ಟಾಗಿ ಏನಾದ್ರೂ ಬಿದ್ದಿದ್ರೆ ಅಳಿಸ್ಬುಡಿ, ನಿಮ್ಗೆ ಪುಣ್ಯ ಬರುತ್ತೆ."

ಅಳಿಸುವುದೇ ಸರಿ ಎಂದು ನನಗೂ ಅನ್ನಿಸಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮೂವತ್ತು ವರ್ಷ ನಾನು ಮಾಡಿದ್ದೂ ಅದನ್ನೇ. ಅತ್ತು ಊದಿದ ಕಣ್ಣು ತಿದ್ದಿದ್ದೇನೆ, ಧಾರೆಯ ಹೊತ್ತಿನಲ್ಲಿ ಜಗಳವಾಡಿದ ಬೀಗರನ್ನು ಫೋಟೊದಲ್ಲಿ ಅಕ್ಕಪಕ್ಕ ನಿಲ್ಲಿಸಿದ್ದೇನೆ. ಪತ್ರಿಕೆ ಹಂಚಿದ ಮದುವೆ ಮುರಿದ ಪಾಪ ನನಗ್ಯಾಕೆ? ಅವನಿಗೆ ಎರಡು ಬಿಟ್ಟಿದ್ದೇನೆ, ಸಾಕು, ಬುದ್ಧಿ ಬಂದಿರುತ್ತದೆ. ಹೆಂಡತಿ ಒಳಗೆ ನನ್ನ ಕೆಸರಿನ ಷರ್ಟು ನೆನೆಹಾಕಲು ಹೋದಾಗ ಅವಳ ಕುರ್ಚಿಯಲ್ಲಿ ಕೂತು ಕ್ಯಾಮೆರಾದ ಕಾರ್ಡ್ ತೆರೆದೆ.

ಒಂಬತ್ತು ಫೋಟೊ ಬಂದಿದ್ದವು. ಆರನೆಯದರಲ್ಲಿ ಎಲ್ಲವೂ ಇತ್ತು. ಎರಡು ತಲೆಗಳ ನಡುವೆ ಸೂರ್ಯ, ಹರಿದ ಮೋಡ, ಅವಳ ಕೆನ್ನೆಯ ಮೇಲೆ ಅವನ ಕೈ. ಮೂರು ದಿನ ಕಾದ ಬೆಳಕು ಅದರಲ್ಲೇ ಬಿದ್ದಿತ್ತು. ಅಂಥ ಸೂರ್ಯೋದಯವನ್ನು ನಾನು ಹಿಂದೆಂದೂ ತೆಗೆದಿರಲಿಲ್ಲ, ಥೂ, ಹಾಗನ್ನಿಸಿದ್ದಕ್ಕೇ ನಾಚಿಕೆಯಾಯಿತು. ಅಳಿಸಲು ಹೋದವನು ಎಡಗಡೆಯ ಅಂಚು ನೋಡಿದೆ. ಅಲ್ಲಿ ನನ್ನ ಹೆಂಡತಿ. ರಿಫ್ಲೆಕ್ಟರ್ ಬಿಟ್ಟುಬಿಟ್ಟಿದ್ದಾಳೆ. ದೊಡ್ಡದು ಮಾಡಿ ನೋಡಿದೆ. ಹೊಡೆತ ತಿಂದ ಹುಡುಗಿಯ ಕೈ ಇನ್ನೂ ಕೆಳಗೇ ಇದೆ. ನನ್ನ ಹೆಂಡತಿಯ ಕೈ ಆಗಲೇ ತನ್ನದೇ ಕೆನ್ನೆಯ ಮೇಲಿದೆ. ಕಣ್ಣು ಬಿಗಿಯಾಗಿ ಮುಚ್ಚಿದ್ದಾಳೆ.

ಅಳಿಸುವ ಬಟನ್ನಿನ ಮೇಲಿಂದ ಕೈ ತೆಗೆದೆ. ರೀಲಿನ ಕಾಲದಲ್ಲಿ, ಮದುವೆಯಾದ ಹೊಸದರಲ್ಲಿ, ರೀಲು ತೊಳೆಯುವ ಡಾರ್ಕ್‌ರೂಮಿನ ಬಾಗಿಲು ತೆರೆದು, ಬೆಳಕು ಬಿಟ್ಟು, ಒಂದು ಮದುವೆಯ ರೀಲು ಪೂರಾ ಹಾಳುಮಾಡಿದಳೆಂದು ಅವಳ ಕೆನ್ನೆಗೆ ಹೊಡೆದಿದ್ದೆ. ಸಂಜೆ ಎರಡು ಮೊಳ ಮಲ್ಲಿಗೆ ತಂದುಕೊಟ್ಟೆ. ಅವಳು ಮುಡಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಬೆಳಿಗ್ಗೆ ಬಂಡೆಯ ಮೇಲೆ ನಾನು ಹೇಳಿದ್ದು ಅಂಥದೇ ಪುರಾಣ.

ಸಾಯಂಕಾಲ ಹುಡುಗಿಯ ತಂದೆ ಬಂದರು. ಕೂರಲೂ ಇಲ್ಲ. "ಅಳಿಸಿದ್ರಾ ಸಾರ್?" ಎಂದರು. ನಾನು ಆರನೆಯ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಟ್ಟಿದ್ದೆ. ಅಂಚು ಕತ್ತರಿಸದೆ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಮಗಳನ್ನು ನೋಡಿದರು. ಅವಳ ಕೆನ್ನೆಯ ಮೇಲಿದ್ದ ಆ ಕೈಯ ಮೇಲೆ ಬೆರಳಿಟ್ಟರು. ಆಮೇಲೆ ಬೆರಳು ಎಡಕ್ಕೆ ಸರಿಯಿತು.

"ಇವ್ರು?"

"ನನ್ ಹೆಂಡ್ತಿ."

"ಇವ್ರಿಗ್ಯಾಕೆ... ಇವ್ರ್ಯಾಕೆ ಕೆನ್ನೆ ಹಿಡ್ಕೊಂಡಿದಾರೆ?"

ನನ್ನ ಹಿಂದೆ ಕಂಪ್ಯೂಟರಿನ ಮುಂದೆ ಅವಳು ಕೂತಿದ್ದಳು. ಮೌಸಿನ ಸದ್ದು ನಿಂತಿತು. ನಾನು ಹೇಳಿದೆ. "ನಾನು ಹೊಡೆದಿದ್ದೆ ಸಾರ್. ಹಳೇ ಮಾತು. ಒಂದ್ ಸಲ. ನಿಮ್ ಮಗ್ಳುನೂ ಹಿಂಗೇ ಕೆನ್ನೆ ಹಿಡ್ಕೊಂಡಿರೋದು ಬೇಡ."

"ಮೂರು ಸಲ" ಎಂದಳು ನನ್ನ ಹೆಂಡತಿ, ತಿರುಗಿ ನೋಡದೆಯೇ.

ಹುಡುಗಿಯ ತಂದೆ ನನ್ನನ್ನೂ ಅವಳನ್ನೂ ನೋಡಿದರು. "ಇದನ್ನ ಕವರಿಗೆ ಹಾಕಿಕೊಡಿ" ಎಂದರು. ಆ ಮದುವೆ ನಡೆಯಲಿಲ್ಲ. ಹುಡುಗಿ ಈಗಲೂ ಯುಗಾದಿಗೆ ನನ್ನ ಹೆಂಡತಿಗೆ ಫೋನು ಮಾಡುತ್ತಾಳೆ.

ಉಳಿದ ಎರಡು ಸಲ ಯಾವಾಗ, ಯಾತಕ್ಕೆ ಎಂದು ನಾನು ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ. ನೆನಪಿಗೆ ಬರುವುದಿಲ್ಲ. ಅವಳನ್ನು ಕೇಳಬಹುದು. ಇನ್ನೂ ಕೇಳಿಲ್ಲ.